ಕೆಡಲೆಂದೇ ಇಟ್ಟ ಗಾಜು

ಹದಿನಾಲ್ಕನೆಯ ಲೇಸರು ಮುನ್ನೂರ ಹನ್ನೆರಡನೆಯ ಗಂಟೆಗೆ ಸತ್ತಿತು. ಮೊದಲು ಪರದೆಯ ಮೇಲಿನ ಯಂತ್ರದ ಮುಂದಿನ ಗಾಜಿನಲ್ಲಿ ಸಾಸಿವೆಕಾಳಿನಷ್ಟು ಕಪ್ಪು ಚುಕ್ಕೆ ಕಂಡಿತು. ಚುಕ್ಕೆಯ ಸುತ್ತ ಬಿರುಕು ಹರಿಯಿತು. ಹಸಿರು ಕಿರಣ ಮೂರು ಸಲ ಮಿಣುಕಿ ಆರಿಹೋಯಿತು. ಕೆಳಗೆ ಎಂದಿನಂತೆ ಅಕ್ಷರಗಳು ಮೂಡಿದವು: ‘ನಿಮ್ಮ ಯಂತ್ರ ಕೆಟ್ಟಿದೆ. ಮತ್ತೆ ಪ್ರಯತ್ನಿಸಿ, ಶುಭವಾಗಲಿ.’

ಮಹಾನಂದಾ ಬಡಿಗೇರಳಿಗೆ ಲೇಸರು ಸತ್ತದ್ದಕ್ಕಿಂತ ಆ ‘ಶುಭವಾಗಲಿ’ಯ ಮೇಲೇ ಹೆಚ್ಚು ಸಿಟ್ಟು ಬಂತು.

“ನಿನ್ನ ಶುಭಕ್ಕಷ್ಟು ಬೆಂಕಿ ಹತ್ತಲಿ,” ಎಂದು ಪರದೆಗೆ ಹೇಳಿ ಕುರ್ಚಿ ಹಿಂದಕ್ಕೆ ತಳ್ಳಿದಳು. ಕುರ್ಚಿ ಮುರುಕಲು ಸ್ಟ್ರೆಚರಿಗೆ ಬಡಿಯಿತು. ಅವಳು ಕೂತಿದ್ದದ್ದು ಆಸ್ಪತ್ರೆಯ ಉಗ್ರಾಣದಲ್ಲಿ. ಕಪ್ಪತಗುಡ್ಡದ ಕೆಳಗಿನ ಆ ತಾಲೂಕು ಊರಿನ ಆಸ್ಪತ್ರೆಯಲ್ಲಿ ಇಪ್ಪತ್ತೊಂದು ವರ್ಷದಿಂದ ಯಂತ್ರ ರಿಪೇರಿ ಮಾಡುತ್ತಿದ್ದವಳು ಅವಳು. ಬಿ.ಪಿ. ನೋಡುವ ಪಟ್ಟಿಯಿಂದ ಹಿಡಿದು ಎಕ್ಸ್-ರೇ ತನಕ ಅಲ್ಲಿ ಅವಳ ಕೈ ತಾಗದ ಯಂತ್ರವಿರಲಿಲ್ಲ. ಅವಳ ಕೈಗೂ ಬಗ್ಗದೆ ಸತ್ತದ್ದು ಒಂದೇ, ಕಣ್ಣಿನ ಲೇಸರು. ಎರಡು ವರ್ಷದಲ್ಲಿ ಹೊಸದಾಗಿ ಬಂದ ಮೂರೂ ಲೇಸರುಗಳು ಮೂರು ಮೂರು ವಾರಕ್ಕೆ ಮಣ್ಣುಪಾಲಾಗಿದ್ದವು.

ಅವಳು ಪರದೆಯ ಮೇಲೆ ತನ್ನದೇ ಲೇಸರು ಕಟ್ಟಿ ಓಡಿಸಿ ನೋಡುತ್ತಿದ್ದ ಕಣಲೋಕ ಎಂಬುದು ಮೊದಲು ಬರಿಯ ಆಟವಾಗಿತ್ತು. ಪರದೆಯ ಮೇಲೆ ಮರಳು ಸುರಿಯುವುದು, ನೀರು ಬಿಡುವುದು, ಬೆಂಕಿ ಹಚ್ಚುವುದು, ಏನಾಗುತ್ತದೆಂದು ನೋಡುವುದು. ಅದರೊಳಗಿನ ಪ್ರತಿ ವಸ್ತುವೂ ಕೋಟ್ಯಂತರ ಕಣಗಳಿಂದ ಆದದ್ದು. ಪ್ರತಿ ಕಣಕ್ಕೂ ತನ್ನ ತೂಕ ಎಷ್ಟು, ಬಿಸಿ ಎಷ್ಟು, ಪಕ್ಕದ ಕಣವನ್ನು ಎಷ್ಟು ಗಟ್ಟಿಯಾಗಿ ಹಿಡಿಯಬೇಕು ಎಂಬ ಲೆಕ್ಕ ಗೊತ್ತು. ಆಡುವವರು ತಪ್ಪು ಹುಡುಕುತ್ತ, ಮಾಡಿದವರು ತಿದ್ದುತ್ತ ಹತ್ತು ಹದಿನೈದು ವರ್ಷ ಕಳೆದಾಗ ಒಂದು ವಿಚಿತ್ರ ಸಂಗತಿ ಬಯಲಿಗೆ ಬಂತು. ಆಟದೊಳಗೆ ಯಾವ ಸೇತುವೆ ಯಾವ ಬೆಸುಗೆಯಲ್ಲಿ ಬಿರುಕು ಬಿಡುತ್ತಿತ್ತೋ, ಹೊರಗಿನ ಸೇತುವೆಯೂ ಅದೇ ಬೆಸುಗೆಯಲ್ಲಿ ಬಿರುಕು ಬಿಡುತ್ತಿತ್ತು.

ಅಷ್ಟು ಸಾಕಾಯಿತು. ಸರಕಾರದ ವೈದ್ಯಕೀಯ ಉಪಕರಣಗಳನ್ನು ತಯಾರಿಸುವ ಧಾರವಾಡದ ಕಾರ್ಯಾಗಾರ, ಮಾದರಿ ಕಟ್ಟಿ ಪರೀಕ್ಷಿಸುವುದನ್ನೇ ನಿಲ್ಲಿಸಿತು. ಕಣಲೋಕದಲ್ಲಿ ನಾಲ್ಕು ಸಾವಿರ ಗಂಟೆ ಕೆಡದೆ ನಡೆದ ಯಂತ್ರಕ್ಕೆ ಮಾತ್ರ ನಿಜವಾದ ತಾಮ್ರ, ನಿಜವಾದ ಗಾಜು. ಉಳಿದದ್ದಕ್ಕೆ ಒಂದು ಸ್ಕ್ರೂ ಕೂಡ ಇಲ್ಲ. ನಕ್ಷೆ ಯಾರು ಬೇಕಾದರೂ ಕಳಿಸಬಹುದು. ಆಟದ ಒಂದು ಗಂಟೆ ಹೊರಗಿನ ಒಂದು ನಿಮಿಷ. ಎಲ್ಲ ಸುಸೂತ್ರವಾದರೆ ಮೂರು ದಿನದೊಳಗೆ ಪರೀಕ್ಷೆ ಮುಗಿಯುತ್ತಿತ್ತು.

ಎಲ್ಲ ಸುಸೂತ್ರವಾಗುತ್ತಿದ್ದದ್ದು ಗಾಳಿ ಬೀಸದ ಕಡೆ. ಹಿಂದಿನ ಮೂರು ಲೇಸರುಗಳ ನಕ್ಷೆ ಮಾಡಿದವರು ಪರೀಕ್ಷೆಯ ಪರಿಸರ ಎಂಬಲ್ಲಿ ‘ಶುದ್ಧ ಕೋಣೆ’ ಎಂದು ಆರಿಸಿದ್ದರು. ಮಹಾನಂದಾ ಹಾಗೆ ಮಾಡಲಿಲ್ಲ. ಗುಡ್ಡದ ಮೇಲಿನ ಗಾಳಿಯಂತ್ರಗಳು ಯಾಕೆ ಅಲ್ಲಿವೆ ಎಂಬುದು ಅವಳಿಗೆ ಗೊತ್ತು. ತನ್ನ ಊರಿನ ಧೂಳು, ತನ್ನ ಊರಿನ ಬೇಸಗೆ, ದಿನಕ್ಕೆ ಏಳೆಂಟು ಸಲ ಏರಿಳಿಯುವ ಕರೆಂಟು, ಎಲ್ಲವನ್ನೂ ಆಟದೊಳಕ್ಕೆ ತುಂಬಿದಳು. ಲೇಸರಿನೊಳಗೆ ಎರಡು ಕನ್ನಡಿಗಳ ನಡುವೆ ಒಂದು ಹರಳು. ಬೆಳಕು ಅವುಗಳ ನಡುವೆ ಓಡಾಡಿ ಬಲಿತು ಹೊರಗೆ ಬರುತ್ತದೆ. ಹರಳಿಗೇನೂ ಆಗುತ್ತಿರಲಿಲ್ಲ. ಹೊರಬರುವ ಬಾಯಲ್ಲಿ ಒಂದು ಧೂಳಿನ ಕಣ ಕೂತರೆ ಸಾಕು, ಅದು ಬೆಳಕನ್ನು ಕುಡಿದು ಕಾದು ಕೆಂಡವಾಗಿ ಗಾಜನ್ನು ಸೀಳುತ್ತಿತ್ತು. ದಪ್ಪ ಗಾಜು ಹಾಕಿದಳು, ಸೀಳಿತು. ಗಾಳಿ ಊದುವ ಪಂಖ ಇಟ್ಟಳು, ಅದೇ ಧೂಳನ್ನು ಎಳೆದುಕೊಂಡು ಬಂತು. ಎಂಟು ತಿಂಗಳಲ್ಲಿ ಹದಿನಾಲ್ಕು ಸಾವು.

ಬಾಗಿಲಲ್ಲಿ ಕಣ್ಣಿನ ಡಾಕ್ಟರು ನಸ್ರೀನ್ ಮುಲ್ಲಾ ನಿಂತಿದ್ದರು. ಮುಖ ನೋಡಿಯೇ ಅವರಿಗೆ ವಿಷಯ ತಿಳಿಯಿತು.

“ಎಷ್ಟಕ್ಕ ಹೋತು?”

“ಮುನ್ನೂರ ಹನ್ನೆರಡ್ರಿ.”

“ಹ್ವಾದ ಸಲ ಮುನ್ನೂರಾ ನಾಕಿತ್ತಲ್ಲ. ಎಂಟು ಗಂಟೆ ಮುಂದ ಬಂದ್ವಿ.”

“ನಗಸಬ್ಯಾಡ್ರಿ ಮೇಡಂ. ಅತ್ತು ಬಿಡ್ತೀನಿ.”

ಡಾಕ್ಟರು ಸ್ಟ್ರೆಚರಿನ ಮೇಲೆ ಕೂತರು. “ಈರಣ್ಣ ಅವ್ರನ್ನ ಹುಬ್ಬಳ್ಳಿಗೆ ಕರಕೊಂಡು ಹೋದ್ರಿ ಇಲ್ಲೋ? ಕಣ್ಣಿನ ಹಿಂದಿನ ಪರದೆಯೊಳಗ ಹೊಸ ರಕ್ತನಾಳ ಬೆಳೆಯಾಕ ಹತ್ಯಾವ, ಲೇಸರ್ ಬಿಡೂದರೊಳಗ ಒಡದ್ರ ಕಷ್ಟ ಅಂತ ಯುಗಾದಿಗಿಂತ ಮೊದಲ ಹೇಳೀನಿ. ನಾ ಕೊಡೂ ಇಂಜೆಕ್ಷನ್ ಎಷ್ಟು ದಿನ ತಡೀತೈತಿ?”

ಮಹಾನಂದಾ ಸತ್ತ ಲೇಸರಿನ ಪರದೆ ಆರಿಸಿದಳು. ಅವಳ ಗಂಡ ಈರಣ್ಣ ಬಾಗಿಲು ಚೌಕಟ್ಟಿನ ಕೆಲಸದಲ್ಲಿ ಹೆಸರಾದ ಬಡಗಿ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಹುಬ್ಬಳ್ಳಿಯಲ್ಲಿ ಲೇಸರಿಗೆ ಕೊಟ್ಟ ಮೊದಲ ತಾರೀಕಿಗೆ ಅವನು ಯಾರದೋ ಮನೆಯ ಬಾಗಿಲು ನಿಲ್ಲಿಸಲು ಹೋಗಿದ್ದ. ಎರಡನೆಯ ತಾರೀಕಿಗೆ ಅವಳೇ ಕರೆದೊಯ್ದಳು. ಅಂದು ಅಲ್ಲಿನ ಯಂತ್ರವೇ ಕೆಟ್ಟಿತ್ತು. ಮೂರನೆಯ ತಾರೀಕಿಗೆ ಇನ್ನೂ ಹತ್ತು ವಾರ ಇತ್ತು.

ಸಂಜೆ ಅವಳು ಮನೆಗೆ ಹೋದಾಗ ಈರಣ್ಣ ಪಡಸಾಲೆಯ ಕಟ್ಟೆಯ ಮೇಲೆ ತೇಗದ ಪಟ್ಟಿ ಇಟ್ಟುಕೊಂಡು ಬೈರಿಗೆಯಿಂದ ತೂತು ಕೊರೆಯುತ್ತಿದ್ದ. ಹೆಗಲ ಮೇಲೆ ಹೊಸ ಟವೆಲು, ಹಣೆಯಲ್ಲಿ ಕುಂಕುಮ. ಬಾಗಿಲು ನಿಲ್ಲಿಸಿದ ಮನೆಯವರು ಬಡಗಿಗೆ ಟವೆಲು ಹೊದಿಸಿ ಊಟ ಹಾಕುತ್ತಾರೆ. ಊಟ ಅಂದರೆ ಹೋಳಿಗೆ.

“ಎಷ್ಟು ತಿಂದ್ರಿ?” ಅವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು.

“ಒಂದ.”

“ನನ್ನ ಮುಖ ನೋಡಿ ಹೇಳ್ರಿ.”

“ಒಂದೂವರಿ. ಆ ಅಜ್ಜಿ ಬಿಡಲಿಲ್ಲ ಮಾನಂದಾ. ಎಲಿ ಮ್ಯಾಲೆ ಬಿದ್ದದ್ದನ್ನ ಹೆಂಗ ಬಿಟ್ಟೇಳೂದು?”

“ನಾಳೆ ಕಣ್ಣು ಬಿಟ್ಟು ಹೋದ್ರ ಆ ಅಜ್ಜಿ ಬಂದು ಕೈ ಹಿಡದು ನಡಸ್ತಾಳೇನು?”

ಅವನು ನಕ್ಕು ಮತ್ತೆ ಬೈರಿಗೆಗೆ ಬಗ್ಗಿದ. ಅವನ ನಗೆಯೇ ಅವಳಿಗೆ ತಲೆಚಿಟ್ಟು. ಬಯ್ದರೆ ನಗುವವನ ಹತ್ತಿರ ಜಗಳವಾಡುವುದು ಹೇಗೆ. ಒಳಗೆ ಹೋಗಲು ಕಾಲೆತ್ತಿದವಳು ಪಟ್ಟಿಯ ಕಡೆ ನೋಡಿ ನಿಂತಳು. ಪೆನ್ಸಿಲಿನ ಗುರುತು ಒಂದು ಕಡೆ ಇತ್ತು, ತೂತು ಅರ್ಧ ಬೆರಳಿನಷ್ಟು ಆಚೆ ಬಿದ್ದಿತ್ತು. ಮೂವತ್ತು ವರ್ಷದಲ್ಲಿ ಅವನ ಕೈ ಗುರುತು ತಪ್ಪಿದ್ದನ್ನು ಅವಳು ನೋಡಿರಲಿಲ್ಲ. ಅವನು ಸುಮ್ಮನೆ ಅಂಗೈಯನ್ನು ತೂತಿನ ಮೇಲೆ ಇಟ್ಟ.

ಏನಾದರೂ ಕೇಳಬೇಕಲ್ಲ ಎಂದು, “ಅದರ ಕೆಳಗ ಯಾಕ ಹಳೀ ಹಲಗಿ ಇಟ್ಟೀರಿ?” ಎಂದಳು.

“ಬೈರಿಗಿ ಆಚಿ ಕಡೆ ಹೊರಬರೂವಾಗ ಚಕ್ಕಿ ಏಳತೈತಿ. ಛಲೋ ಕಟ್ಟಿಗಿಗೆ ಚಕ್ಕಿ ಎದ್ರ ಮುಗೀತು. ಅದಕ್ಕ ಕೆಳಗ ಕೆಡಾಕಂತನ ಒಂದು ತುಂಡು ಇಡಬೇಕು. ಚಕ್ಕಿ ಎದ್ರ ಅದಕ್ಕ ಏಳಲಿ.” ಹಳೆಯ ಹಲಗೆಯನ್ನು ತಿರುಗಿಸಿ ತೋರಿಸಿದ. ಅದರ ಮೈಯೆಲ್ಲ ತೂತು. “ನಮ್ಮಪ್ಪನೂ ಹಿಂಗ ಮಾಡ್ತಿದ್ದ. ನಿನಗ ಇವತ್ತು ಕಂಡೇತೇನು?”

ಮಹಾನಂದಾ ಆ ಹಲಗೆಯನ್ನು ಕೈಗೆ ತೆಗೆದುಕೊಂಡು ಒಂದಷ್ಟು ಹೊತ್ತು ನೋಡಿದಳು. ಎಂಟು ತಿಂಗಳಿಂದ ಅವಳು ಕೆಡದ ಗಾಜನ್ನು ಹುಡುಕುತ್ತಿದ್ದಳು. ಅಂಥ ಗಾಜು ಇರಲಿಲ್ಲ, ಇರುವುದೂ ಇಲ್ಲ.

ಮರುದಿನ ಅವಳು ಹದಿನೈದನೆಯ ಲೇಸರು ಕಟ್ಟಲು ಕೂತಳು. ಒಳಗಿನ ಹರಳು, ಕನ್ನಡಿ ಎಲ್ಲ ಮೊದಲಿನವೇ. ಮುಂದಿನ ಬಾಯಿಗೆ ಅಂಚೆಚೀಟಿಯಷ್ಟಗಲದ ತೆಳು ಗಾಜು, ಬೆಳಕಿನ ದಾರಿಗೆ ಸಿಗದಂತೆ ಅದರ ಮೇಲ್ಗಡೆಯ ಗೂಡಿನಲ್ಲಿ ತಟ್ಟೆ ಜೋಡಿಸಿಟ್ಟ ಹಾಗೆ ಇನ್ನೂ ಐವತ್ತೊಂಬತ್ತು ಗಾಜು. ಬಾಯಲ್ಲಿರುವ ಗಾಜಿನ ಅಂಚಿಗೆ ಎರಡು ಲೋಹ ಬೆಸೆದ ಒಂದು ಪಟ್ಟಿ. ಕಾದರೆ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಹಾಗಾಗಿ ಪಟ್ಟಿ ಬಾಗುತ್ತದೆ. ಇಸ್ತ್ರಿಪೆಟ್ಟಿಗೆ ತಾನಾಗಿ ಆರುವುದು ಇದರಿಂದಲೇ. ಗಾಜು ಶುಚಿಯಾಗಿದ್ದಷ್ಟು ದಿನ ಬೆಳಕು ಹಾದುಹೋಗುತ್ತದೆ, ಗಾಜು ತಣ್ಣಗಿರುತ್ತದೆ. ಧೂಳು ಕೂತು ಕಾಯತೊಡಗಿದರೆ, ಸೀಳುವ ಮೊದಲೇ ಪಟ್ಟಿ ಬಾಗಿ ಹಿಡಿತ ಬಿಡುತ್ತದೆ. ಕೆಟ್ಟ ಗಾಜು ಕೆಳಗೆ ಬೀಳುತ್ತದೆ, ಮೇಲಿನದು ಅದರ ಜಾಗಕ್ಕೆ ಇಳಿಯುತ್ತದೆ. ಕಾಯಿಸುವ ಧೂಳೇ ಗಾಜನ್ನೂ ಬದಲಿಸುತ್ತದೆ.

ನಸ್ರೀನ್ ಎಲ್ಲವನ್ನೂ ನೋಡಿ ಒಂದೇ ಪ್ರಶ್ನೆ ಕೇಳಿದರು. “ನಾ ಪೇಶಂಟಿನ ಕಣ್ಣಿಗೆ ಬೆಳಕು ಬಿಟ್ಟಾಗ ಗಾಜು ಬಿದ್ರ?”

ಮಹಾನಂದಾ ಹಣೆ ಹಣೆ ಚಚ್ಚಿಕೊಂಡಳು. ಪಟ್ಟಿ ಬಾಗಿದ ಕೂಡಲೇ ಬೆಳಕಿಗೆ ಅಡ್ಡ ಬರುವ ಒಂದು ತಗಡನ್ನು ಸೇರಿಸಲು ಇನ್ನೂ ಎರಡು ದಿನ ಹಿಡಿಯಿತು.

ಲೇಸರು ಓಡತೊಡಗಿತು. ಐದುನೂರು ದಾಟಿತು. ಸಾವಿರ ದಾಟಿದಾಗ ನಸ್ರೀನ್ ಚಹಾ ತರಿಸಿದರು. ಎರಡು ಸಾವಿರಕ್ಕೆ ಎಕ್ಸ್-ರೇಯವರು, ಔಷಧ ಕೊಡುವವರು ಬಂದು ಇಣುಕಿದರು. ಮೂರು ಸಾವಿರದ ನೂರ ಆರನೆಯ ಗಂಟೆಗೆ ಪರದೆ ನೀಲಿಯಾಯಿತು.

‘ಕಣಲೋಕದ ಹೊಸ ಆವೃತ್ತಿ ಬಂದಿದೆ. ಧೂಳಿನ ಕಣಗಳು ಇನ್ನು ಮುಂದೆ ತೇವ ಹೀರಿ ಅಂಟಿಕೊಳ್ಳುತ್ತವೆ. ಹಳೆಯ ಆವೃತ್ತಿಯಲ್ಲಿ ನಡೆಯುತ್ತಿದ್ದ ಪರೀಕ್ಷೆಗಳನ್ನು ರದ್ದುಪಡಿಸಲಾಗಿದೆ. ಅಡಚಣೆಗೆ ವಿಷಾದಿಸುತ್ತೇವೆ.’

ಮಹಾನಂದಾ ಎದ್ದು ಹೊರಗೆ ಹೋಗಿ ಆಸ್ಪತ್ರೆಯ ಹಿಂದಿನ ನೀರಿನ ಟಾಕಿಯ ಸುತ್ತ ನಾಲ್ಕು ಸುತ್ತು ಹಾಕಿದಳು. ಒಳಗೆ ಬಂದು ಮತ್ತೆ ಕೂತಳು. ಅವಳಿಗೆ ಅತೀ ಸಂಕಟವಾದದ್ದು ಏನೆಂದರೆ, ಆಟದವರು ಮಾಡಿದ್ದು ಸರಿಯೇ ಆಗಿತ್ತು. ಮಳೆಗಾಲದಲ್ಲಿ ಧೂಳು ಅಂಟಿಕೊಳ್ಳುವುದು ಹೌದು. ಹೊಸ ಧೂಳಿಗೆ ಅವಳ ಗಾಜುಗಳು ಗೂಡಿನಲ್ಲೇ ಕಚ್ಚಿಕೊಂಡು ಕೂತವು. ಹದಿನಾರನೆಯದು, ಹದಿನೇಳನೆಯದು, ಹದಿನೆಂಟನೆಯದು, ಎಲ್ಲವೂ ಹಾಗೆಯೇ ಸತ್ತವು. ಒಂದು ಬೆಳಿಗ್ಗೆ ಮನೆಯ ಬಚ್ಚಲಿನ ಬಾಗಿಲು ಮಳೆಗೆ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತು. ಅದನ್ನು ಒದ್ದು ತೆಗೆಯುವಾಗ, ಈರಣ್ಣ ಮಾಡಿದ ಯಾವ ಬಾಗಿಲೂ ಹೀಗೆ ಕಚ್ಚುವುದಿಲ್ಲವಲ್ಲ ಎಂದು ಅವಳಿಗೆ ಹೊಳೆಯಿತು. ಇದೊಂದು ಅವನು ಮಾಡಿದ್ದಲ್ಲ. ಕಟ್ಟಿಗೆ ಉಬ್ಬಲೆಂದು ಅವನು ಸಂದು ಬಿಡುತ್ತಿದ್ದ. ಅವಳೂ ಗಾಜಿಗೂ ಗೂಡಿಗೂ ನಡುವೆ ಕೂದಲೆಳೆಯ ಬದಲು ಪೋಸ್ಟ್‌ಕಾರ್ಡಿನ ದಪ್ಪದಷ್ಟು ಸಂದು ಬಿಟ್ಟಳು, ಗೂಡನ್ನು ತುಸು ವಾಲಿಸಿದಳು. ಹತ್ತೊಂಬತ್ತನೆಯ ಲೇಸರು ನಾಲ್ಕು ಸಾವಿರ ಗಂಟೆ ಮುಗಿಸಿತು. ಅರವತ್ತರಲ್ಲಿ ಇಪ್ಪತ್ತಾರು ಗಾಜು ಖರ್ಚಾಗಿದ್ದವು. ನಕ್ಷೆ ಧಾರವಾಡಕ್ಕೆ ಹೋಯಿತು.

ನಾಲ್ಕನೆಯ ದಿನ ಉತ್ತರ ಬಂತು: ‘ತಿರಸ್ಕೃತ. ಪರೀಕ್ಷೆಯ ಅವಧಿಯಲ್ಲಿ ಇಪ್ಪತ್ತಾರು ಭಾಗಗಳು ಕೆಟ್ಟಿವೆ.’

ಅವಳು ಆ ಉತ್ತರವನ್ನು ಓದುತ್ತಿದ್ದಾಗಲೇ ಈರಣ್ಣನ ಫೋನು ಬಂತು. ದನಿಯಲ್ಲಿ ನಗೆ ಇರಲಿಲ್ಲ. “ಮಾನಂದಾ, ಎಡಗಣ್ಣಿನಾಗ ಮಸಿ ಚೆಲ್ಲಿದಂಗ ಆಗೇತಿ.”

ನಸ್ರೀನ್ ನೋಡಿದರು. ರಕ್ತನಾಳ ಒಡೆದಿತ್ತು. ಎಡಗಣ್ಣಿಗೆ ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಬೇಕು, ಆದರೂ ಎಷ್ಟು ಉಳಿಯುತ್ತದೋ ಹೇಳಲಾಗದು. ಬಲಗಣ್ಣಿಗೆ ಮಾತ್ರ ಆದಷ್ಟು ಬೇಗ ಲೇಸರು ಬೇಕು ಎಂದರು. ಅವರು ತಾವೇ ಹುಬ್ಬಳ್ಳಿಗೆ ಫೋನು ಹಚ್ಚಿ ಆಪರೇಷನ್ನಿಗೆ ಜಾಗ ಮಾಡಿಸಿದರು. ಅಲ್ಲಿಯ ಲೇಸರು ಇನ್ನೂ ರಿಪೇರಿಯಲ್ಲೇ ಇತ್ತು.

ಆಪರೇಷನ್ ಮುಗಿದ ಮೂರನೆಯ ದಿನ ಮಹಾನಂದಾ ಧಾರವಾಡದ ಕಾರ್ಯಾಗಾರಕ್ಕೆ ಹೋದಳು. ಪರಿಶೀಲನೆಯ ಅಧಿಕಾರಿ ಶ್ರೀನಿಧಿ ಗಲಗಲಿ ಅರವತ್ತರ ಹತ್ತಿರದವರು, ಮೆದು ಮಾತಿನವರು, ಮೇಜಿನ ಮೇಲೆ ಒಂದು ಕಾಗದವನ್ನೂ ಇಟ್ಟುಕೊಳ್ಳದವರು. ಅವಳು ಜಗಳಕ್ಕೆ ತಯಾರಾಗಿ ಹೋಗಿದ್ದಳು. ಅವರು ಕುರ್ಚಿ ತೋರಿಸಿ ನೀರು ತರಿಸಿದ್ದರಿಂದ ಜಗಳ ಶುರುಮಾಡುವುದೇ ಕಷ್ಟವಾಯಿತು.

“ನಿಮ್ಮ ನಕ್ಷೆ ನೋಡೀನ್ರಿ ತಾಯಿ. ಜಾಣತನದ ಕೆಲಸ,” ಎಂದರು ಗಲಗಲಿ. “ಆದ್ರ ಏಳನೇ ನಿಯಮ ಹಿಂಗೈತಿ: ಯಂತ್ರದ ಯಾವ ಭಾಗವೂ ಕೆಡಬಾರದು. ನಿಮ್ಮದರಾಗ ಇಪ್ಪತ್ತಾರು ಕೆಟ್ಟಾವ.”

“ಕೆಟ್ಟಿಲ್ರಿ ಸರ್. ಕೆಡಾಕಂತನ ಇಟ್ಟಾವು.”

“ಕಂಪ್ಯೂಟರ್‌ಗೆ ಎರಡೂ ಒಂದ.”

ಮಹಾನಂದಾ ಗೋಡೆಯ ಕಡೆ ನೋಡಿದಳು. “ಸರ್, ಅಲ್ಲಿ ನಿಮ್ಮ ಮೇನ್ ಬೋರ್ಡ್ ಐತಿ. ಅದರಾಗ ಫ್ಯೂಜ್ ಐತಲ್ರಿ?”

“ಐತಿ.”

“ಕರೆಂಟ್ ಹೆಚ್ಚಾದ್ರ ಅದೇನು ಮಾಡ್ತೈತ್ರಿ?”

“ಸುಡ್ತೈತಿ.”

“ಅದು ಸುಡ್ಲಿಲ್ಲಂದ್ರ ಏನು ಸುಡ್ತೈತಿ?”

ಗಲಗಲಿಯವರು ಕನ್ನಡಕ ತೆಗೆದು ಒರೆಸಿದರು. ಹೊರಗೆ ಯಾವುದೋ ಯಂತ್ರ ಕಬ್ಬಿಣ ಕೊಯ್ಯುವ ಸದ್ದು ಬಂದು ನಿಂತಿತು.

“ನನಗ ಒಪ್ಪಿಗಿ ಐತ್ರಿ,” ಎಂದರು ಕೊನೆಗೆ. “ಆದ್ರ ನಾ ಒಪ್ಪಿ ಏನಾಗ್ತೈತಿ? ಫಾರ್ಮಿನಾಗ ಎರಡ ಮನಿ ಅದಾವ. ಕೆಟ್ಟಿದೆ, ಕೆಟ್ಟಿಲ್ಲ. ಮೂರನೇದು ಸೇರಿಸ್ಬೇಕಂದ್ರ ಬೆಂಗಳೂರಿನ ಸಮಿತಿ ಕೂಡಬೇಕು. ಸಮಿತಿ ಕೂಡೂದು ವರ್ಷಕ್ಕ ಒಂದ ಸಲ.”

“ನನ್ನ ಯಜಮಾನ್ರಿಗೆ ಒಂದು ಕಣ್ಣು ಹೋಗೇತ್ರಿ ಸರ್.” ಅವಳ ದನಿ ಏರಲಿಲ್ಲ, ಏರಿಸುವಷ್ಟು ತ್ರಾಣವೂ ಉಳಿದಿರಲಿಲ್ಲ. “ಇನ್ನೊಂದು ಕಣ್ಣು ಸಮಿತಿ ಕೂಡೂ ತನಕ ಕಾಯೂದಿಲ್ಲ. ನಮ್ಮ ತಾಲೂಕಿನಾಗ ಹಿಂಗ ಕಾಯೋರು ನೂರಾ ನಲವತ್ತು ಮಂದಿ ಅದಾರ. ಅವ್ರ ಪಟ್ಟಿ ತಂದೀನಿ, ನೋಡ್ತೀರೇನು?”

ಅವರು ಪಟ್ಟಿ ತೆಗೆದುಕೊಂಡರು. ನಿಧಾನವಾಗಿ, ಹೆಸರು ಹೆಸರಾಗಿ ಓದಿದರು. ಓದಿ ಮುಗಿಸಿ ಕಂಪ್ಯೂಟರಿನ ಕಡೆ ತಿರುಗಿ ಅವಳ ನಕ್ಷೆಯ ಸಾಮಾನಿನ ಯಾದಿ ತೆರೆದರು. “ಈ ಗಾಜುಗಳನ್ನ ನೀವು ‘ಭಾಗ’ ಅಂತ ಬರದೀರಿ. ಯಾಕ ಬರದ್ರಿ?”

“ಮತ್ತೇನಂತ ಬರೀಬೇಕಿತ್ರಿ?”

“ಆಸ್ಪತ್ರ್ಯಾಗ ಹತ್ತಿ ಇರ್ತೈತಿ. ಬ್ಯಾಂಡೇಜ್ ಇರ್ತೈತಿ. ಇಸಿಜಿ ಕಾಗದ ಇರ್ತೈತಿ. ಇಸಿಜಿ ಯಂತ್ರದಾಗಿನ ಕಾಗದ ಖರ್ಚಾದ್ರ ಯಂತ್ರ ಕೆಟ್ಟೈತಿ ಅಂತೀರೇನು?” ಅವರು ‘ಭಾಗ’ ಎಂಬ ಪದವನ್ನು ಅಳಿಸಿ ಅಲ್ಲಿ ‘ಬಳಕೆಯ ಸಾಮಗ್ರಿ’ ಎಂದು ಬರೆದರು. ಗುಂಡಿ ಒತ್ತಿದರು. ಪರದೆ ಒಂದು ಕ್ಷಣ ಯೋಚಿಸಿ ಹಸಿರಾಯಿತು. ಕೆಟ್ಟ ಭಾಗಗಳು: ಸೊನ್ನೆ.

ಮಹಾನಂದಾ ಆ ಸೊನ್ನೆಯನ್ನೇ ನೋಡುತ್ತ ಕೂತಳು. ಒಂಬತ್ತು ತಿಂಗಳು, ಹತ್ತೊಂಬತ್ತು ಲೇಸರು, ಕೊನೆಗೆ ಒಂದು ಪದ. ಸಂತೋಷಪಡಬೇಕೋ ಮೇಜಿನ ಮೇಲಿನ ನೀರಿನ ಗ್ಲಾಸನ್ನು ಎತ್ತಿ ಒಗೆಯಬೇಕೋ ಅವಳಿಗೆ ತಿಳಿಯಲಿಲ್ಲ.

“ಇದನ್ನ ಪತ್ರದೊಳಗ ಒಂದು ಸಾಲು ಬರದು ತಿಳಿಸಬಹುದಿತ್ತಲ್ರಿ ಸರ್.”

“ಪತ್ರ ಬರಿಯೂದೂ ಕಂಪ್ಯೂಟರ್ ನೋಡ್ರಿ,” ಎಂದರು ಗಲಗಲಿ, ನಾಚಿಕೊಂಡವರಂತೆ. “ನಾ ಇವತ್ತ ಓದಿದ್ದು.”

ಇಪ್ಪತ್ಮೂರು ದಿನಕ್ಕೆ ಯಂತ್ರ ಬಂತು. ಮಹಾನಂದಾ ತಾನೇ ಪೆಟ್ಟಿಗೆ ಬಿಚ್ಚಿ, ತಾನೇ ಜೋಡಿಸಿದಳು. ಕಣಲೋಕದಲ್ಲಿ ಕಣ್ಣು ಮುಚ್ಚಿ ಕಟ್ಟುವಷ್ಟು ಪರಿಚಯವಾಗಿದ್ದ ಯಂತ್ರ ಕೈಗೆ ಇಷ್ಟು ಭಾರವಿರುತ್ತದೆಂದು ಅವಳು ಎಣಿಸಿರಲಿಲ್ಲ. ನಸ್ರೀನ್ ಹಾಳೆಯ ಮೇಲೆ, ಮೀನಿನ ಕಣ್ಣಿನ ಮೇಲೆ ಮೂರು ದಿನ ಪರೀಕ್ಷಿಸಿ ನೋಡಿದರು. ನಾಲ್ಕನೆಯ ದಿನ ಬೆಳಿಗ್ಗೆ ಈರಣ್ಣನನ್ನು ಕೂರಿಸಿ, ಗದ್ದವನ್ನು ಯಂತ್ರದ ಮುಂದಿನ ಪಟ್ಟಿಯ ಮೇಲೆ ಇಡಿಸಿದರು.

“ಅಲುಗಾಡಬ್ಯಾಡ್ರಿ. ನಗಬ್ಯಾಡ್ರಿ.”

“ನಗೂದಿಲ್ರಿ,” ಎಂದ ಅವನು.

ಬಲಗಣ್ಣಿನಲ್ಲಿ ಹಸಿರು ಬೆಳಕು ಟಕಟಕನೆ ಬಿತ್ತು. ಅಷ್ಟು ಹೊತ್ತೂ ಮಹಾನಂದಾ ರೋಗಿಯ ಕಡೆ ನೋಡದೆ ಯಂತ್ರದ ಬಾಯನ್ನೇ ನೋಡುತ್ತಿದ್ದಳು. ನಡುವೆ ಒಂದು ಸಲ ತಗಡು ಅಡ್ಡ ಬಂತು, ಒಂದು ಗಾಜು ಕೆಳಗಿನ ತಟ್ಟೆಗೆ ಬಿತ್ತು, ಇನ್ನೊಂದು ಇಳಿಯಿತು. ನಸ್ರೀನ್ ಕೈ ತಡೆದು, ತಗಡು ಸರಿದ ಮೇಲೆ ಕೆಲಸ ಮುಂದುವರಿಸಿದರು. ಹೊರಗಿನ ಬೆಂಚಿನ ಮೇಲೆ ಹನ್ನೊಂದು ಜನ ಕಾಯುತ್ತಿದ್ದರು.

ಮುಂದಿನ ವಾರಗಳಲ್ಲಿ ಇನ್ನೂ ಎರಡು ಸಲ ಲೇಸರು ಆಯಿತು. ಮೂರನೆಯದಾದ ಮೇಲೆ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ನೇರವಾಗಿ ಹೇಳಿದರು. ಬಲಗಣ್ಣು ಉಳಿಯಿತು, ಸಕ್ಕರೆ ಹತೋಟಿಯಲ್ಲಿಟ್ಟುಕೊಂಡರೆ ಅವನು ಚೌಕಟ್ಟಿನ ಕೆಲಸ ಮಾಡಬಹುದು. ಎಡಗಣ್ಣಿಗೆ ಬೆಳಕಿದೆ ಕತ್ತಲಿದೆ ಎಂಬಷ್ಟೇ ತಿಳಿಯುತ್ತದೆ. ಅದು ಇನ್ನು ಹೆಚ್ಚಾಗುವುದಿಲ್ಲ.

ಆಸ್ಪತ್ರೆಯಿಂದ ಹೊರಬಿದ್ದು ಇಬ್ಬರೂ ಬಸ್ ಸ್ಟ್ಯಾಂಡಿನ ದಾರಿ ಹಿಡಿದರು. ಬಿಸಿಲಿತ್ತು, ಗಾಳಿಯೂ ಇತ್ತು.

“ಯಾಕ ಬಯ್ಯವಲ್ಲಿ?” ಈರಣ್ಣ ಕೇಳಿದ.

“ದಣದೀನಿ.”

“ಮೊದಲನೇ ತಾರೀಕಿಗೆ ಹೋಗಿದ್ರ ಎರಡೂ ಉಳೀತಿದ್ವು. ನನಗ ಗೊತ್ತೈತಿ.”

“ನಿಮ್ಮನ್ನ ಅವತ್ತು ರಟ್ಟಿ ಹಿಡದು ಬಸ್ಸಿಗೆ ಹತ್ತಿಸ್ಬೇಕಿತ್ತು. ನಿಮಗ ಹೇಳೀ ಹೇಳೀ ಸಾಕಾಗಿ ಯಂತ್ರದ ಬೆನ್ನು ಹತ್ತಿದೆ. ಯಂತ್ರಾರ ಹೇಳಿದ್ದು ಕೇಳ್ತೈತಿ ಅಂದ್ಕೊಂಡಿದ್ದೆ.”

“ಕೇಳ್ತೇನು ಮತ್ತ?”

“ಹತ್ತೊಂಬತ್ತನೇ ಸಲಕ್ಕ.”

“ಹಂಗಾರ ನಾನೂ ಕೇಳ್ತೀನಿ,” ಎಂದ ಈರಣ್ಣ. “ಇನ್ನೊಂದೆರಡು ಸಲ ಹೇಳು.”

ಅಷ್ಟರಲ್ಲಿ ಎಡಗಡೆಯ ಓಣಿಯಿಂದ ಒಂದು ಬೈಕು ಹಾರ್ನು ಹಾಕದೆ ನುಗ್ಗಿ ಬಂತು. ಅವನು ಅದನ್ನು ನೋಡದೆ ಹೆಜ್ಜೆ ಇಟ್ಟಿದ್ದ. ಮಹಾನಂದಾ ಅವನ ತೋಳು ಹಿಡಿದು ಹಿಂದಕ್ಕೆಳೆದಳು. ಬೈಕು ದಾಟಿಹೋಯಿತು. ಏನು ಬಂದು ಹೋಯಿತೆಂದು ಅವನು ತಲೆ ತಿರುಗಿಸಿ ಹುಡುಕುವಷ್ಟರಲ್ಲಿ ಅದು ಮೂಲೆ ತಿರುಗಿಯಾಗಿತ್ತು.

ಮದುವೆಯಾದಂದಿನಿಂದ ಅವಳು ನಡೆಯುತ್ತಿದ್ದದ್ದು ಅವನ ಬಲಕ್ಕೆ. ಈಗ ಅವನ ಬೆನ್ನ ಹಿಂದಿನಿಂದ ಸುತ್ತಿ ಎಡಕ್ಕೆ ಬಂದಳು.

“ನಡೀರಿ,” ಎಂದಳು.